ಗಾಡಿಗೆ ಇನ್ಶೂರೆನ್ಸ್ ಇದ್ದರೆ ಒಳಗಿರುವ ಡ್ರಿಲ್ಲಿಂಗ್ ಮಷೀನ್‌ಗೂ ಇದ್ದಂತೆಯೇ?

“ಗಾಡಿಗೆ ಬಂಪರ್ ಟು ಬಂಪರ್ ಮಾಡಿಸಿದ್ದೇನೆ, ಒಳಗಿರುವ ಸಾಮಾನಿಗೆ ಏನೂ ಭಯವಿಲ್ಲ.” ಸಣ್ಣ ಗುತ್ತಿಗೆದಾರರು, ಎಲೆಕ್ಟ್ರಿಷಿಯನ್‌ಗಳು, ಟೈಲ್ಸ್ ಹಾಕುವವರು, ವೆಲ್ಡಿಂಗ್‌ನವರ ನಡುವೆ ಈ ಮಾತು ಆಗಾಗ ಕೇಳಿಬರುತ್ತದೆ. ಆದರೆ ಇದು ನಿಜವಲ್ಲ. ಬೆಳಗ್ಗೆ ಒಂದು ಸೈಟು, ಮಧ್ಯಾಹ್ನ ಇನ್ನೊಂದು, ರಾತ್ರಿ ಮನೆ ಮುಂದೆ ನಿಂತ ಟಾಟಾ ಏಸ್: ಹೀಗೆ ದಿನವಿಡೀ ಊರು ಸುತ್ತುವ ಗ್ರೈಂಡರ್, ಬ್ರೇಕರ್, ವೈಬ್ರೇಟರ್, ವೆಲ್ಡಿಂಗ್ ಮಷೀನ್‌ಗಳಿಗೆ ಎಷ್ಟೋ ಬಾರಿ ಯಾವ ವಿಮೆಯೂ ಇರುವುದಿಲ್ಲ. ಅವು ಕಳುವಾದರೆ ನಷ್ಟ ಬರೀ ಮಷೀನ್‌ನದ್ದಲ್ಲ. ಹೊಸದು ಕೊಳ್ಳುವವರೆಗೆ ಕೆಲಸವೂ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ.

ಈ ಬಗ್ಗೆ ಹರಡಿರುವ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ವಾಹನದ ವಿಮೆ ಸಾಮಾನಿಗೂ ಅನ್ವಯಿಸುತ್ತದೆ

ವಾಸ್ತವ: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಿಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಸಮಗ್ರ ಪಾಲಿಸಿ ನಿಮ್ಮ ವಾಹನಕ್ಕೂ, ಅದಕ್ಕೆ ಜೋಡಿಸಿದ ಬಿಡಿಭಾಗಗಳಿಗೂ ರಕ್ಷಣೆ ಕೊಡುತ್ತದೆ. ಹಿಂದೆ ತುಂಬಿಕೊಂಡ ಡ್ರಿಲ್ಲಿಂಗ್ ಮಷೀನ್ ವಾಹನದ ಭಾಗವಲ್ಲ, ಅದು ಸರಕು. ಗಾಡಿ ಸಮೇತ ಕಳ್ಳತನವಾದರೂ ಕಂಪನಿ ಲೆಕ್ಕ ಹಾಕುವುದು ಗಾಡಿಯ ಬೆಲೆಯನ್ನಷ್ಟೇ.

ತಪ್ಪು ಕಲ್ಪನೆ 2: ಗೋಡೌನ್‌ಗೆ ಕಳ್ಳತನದ ವಿಮೆ ಇದೆ, ಅದು ಸಾಕು

ವಾಸ್ತವ: ಕಳ್ಳತನದ ವಿಮೆ, ಅಂದರೆ ಬರ್ಗ್ಲರಿ ಪಾಲಿಸಿ, ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಪಾಲಿಸಿಯಲ್ಲಿ ಬರೆದ ಜಾಗದಲ್ಲಿದ್ದಾಗ ಮಾತ್ರ ವಸ್ತುವಿಗೆ ರಕ್ಷಣೆ. ಮಷೀನ್ ಗೇಟು ದಾಟಿ ಸೈಟಿಗೆ ಹೊರಟರೆ ಆ ಪಾಲಿಸಿ ಹಿಂಬಾಲಿಸಿ ಬರುವುದಿಲ್ಲ.

ಇನ್ನೊಂದು ಮುಖ್ಯ ಷರತ್ತು: ಸಾಮಾನ್ಯವಾಗಿ ಇಂಥ ಪಾಲಿಸಿಯಲ್ಲಿ ಬೀಗ ಒಡೆದ, ಶಟರ್ ಮೀಟಿದ ಅಥವಾ ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕು. ತೆರೆದ ಬಾಗಿಲಿನಿಂದ ಯಾರೋ ಎತ್ತಿಕೊಂಡು ಹೋದರೆ ಹಣ ಸಿಗುವುದು ಕಷ್ಟ. ಅಂಥ ಸಾದಾ ಕಳವೂ ಸೇರಬೇಕಿದ್ದರೆ ಅದನ್ನು ಕೇಳಿ ಬರೆಸಿಕೊಳ್ಳಬೇಕು.

ತಪ್ಪು ಕಲ್ಪನೆ 3: ಕಟ್ಟಡದ ಮಾಲೀಕರು ವಿಮೆ ಮಾಡಿಸಿದ್ದಾರೆ, ನಮ್ಮ ಮಷೀನೂ ಅದರಲ್ಲಿದೆ

ವಾಸ್ತವ: ದೊಡ್ಡ ಕಟ್ಟಡಗಳಿಗೆ ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಎಂಬ ಪಾಲಿಸಿ ಮಾಡಿಸುತ್ತಾರೆ. ಅದರ ಮುಖ್ಯ ಉದ್ದೇಶ ಕಟ್ಟುತ್ತಿರುವ ಕಟ್ಟಡಕ್ಕೂ ಅಲ್ಲಿನ ಸಾಮಗ್ರಿಗೂ ರಕ್ಷಣೆ. ಯಂತ್ರೋಪಕರಣಗಳನ್ನು ಅದರಲ್ಲಿ ಸೇರಿಸಬಹುದು, ಆದರೆ ಪ್ರತ್ಯೇಕವಾಗಿ ಹೆಸರಿಸಿ, ಬೆಲೆ ಬರೆದಿದ್ದರೆ ಮಾತ್ರ. ಅದೂ ಆ ಒಂದು ಸೈಟಿಗೆ, ಆ ಕೆಲಸ ಮುಗಿಯುವವರೆಗೆ. ಬಾಯಿಮಾತಿಗೆ ಬೆಲೆಯಿಲ್ಲ. ಪಾಲಿಸಿಯ ಪ್ರತಿಯಲ್ಲಿ ನಿಮ್ಮ ಹೆಸರು, ನಿಮ್ಮ ಮಷೀನ್ ಇದೆಯೇ ನೋಡಿ.

ಹಾಗಾದರೆ ಓಡಾಡುವ ಮಷೀನ್‌ಗೆ ಯಾವ ವಿಮೆ?

ಜಾಗವನ್ನಲ್ಲ, ಮಷೀನನ್ನು ಹಿಂಬಾಲಿಸುವ ವಿಮೆ ಬೇಕು. ಭಾರತದಲ್ಲಿ ಮೂರು ದಾರಿಗಳಿವೆ.

• ಜೆಸಿಬಿ, ಕ್ರೇನ್, ಕಾಂಕ್ರೀಟ್ ಮಿಕ್ಸರ್, ಜನರೇಟರ್‌ನಂಥ ದೊಡ್ಡ ಯಂತ್ರಗಳಿಗೆ ‘ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮೆಷಿನರಿ’ ಪಾಲಿಸಿ. ಚಿಕ್ಕದಾಗಿ ಸಿಪಿಎಂ ಎನ್ನುತ್ತಾರೆ. ಯಂತ್ರ ಕೆಲಸ ಮಾಡುತ್ತಿರಲಿ, ಸುಮ್ಮನೆ ನಿಂತಿರಲಿ, ರಿಪೇರಿಗೆ ಬಿಚ್ಚಿಟ್ಟಿರಲಿ, ಆಕಸ್ಮಿಕ ಹಾನಿಗೆ ರಕ್ಷಣೆ ಇರುತ್ತದೆ. ಹಲವು ಸೈಟುಗಳಲ್ಲಿ ಕೆಲಸವಿದ್ದರೆ ‘ಫ್ಲೋಟರ್’ ಸೌಲಭ್ಯ ಕೇಳಬೇಕು. ಆಗ ಯಂತ್ರ ಪಾಲಿಸಿಯಲ್ಲಿ ಒಪ್ಪಿದ ಯಾವ ಸೈಟಿನಲ್ಲಿದ್ದರೂ ರಕ್ಷಣೆ ಸಿಗುತ್ತದೆ.

• ಕೈಯಲ್ಲಿ ಹಿಡಿದು ಒಯ್ಯುವ ಸಣ್ಣ ಮಷೀನ್‌ಗಳಿಗೆ ಕೆಲವು ಕಂಪನಿಗಳು ‘ಆಲ್ ರಿಸ್ಕ್’ ಪಾಲಿಸಿ ಅಥವಾ ಪ್ಯಾಕೇಜ್ ಪಾಲಿಸಿಯೊಳಗೆ ‘ಪೋರ್ಟಬಲ್ ಉಪಕರಣ’ ವಿಭಾಗ ಕೊಡುತ್ತವೆ.

• ಒಂದು ಊರಿನಿಂದ ಇನ್ನೊಂದು ಊರಿಗೆ ಲಾರಿಯಲ್ಲಿ ಸಾಗಿಸುವಾಗ ಸಾಗಣೆ ವಿಮೆ. ಇದನ್ನು ‘ಟ್ರಾನ್ಸಿಟ್’ ಎನ್ನುತ್ತಾರೆ.

ಇಲ್ಲೇ ಹಲವರು ಎಡವುವುದು. ಸಿಪಿಎಂ ಇದ್ದರೂ ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸುವಾಗ ಆಗುವ ಹಾನಿ, ಮೊದಲೇ ಒಪ್ಪಿ ಬರೆಸದಿದ್ದರೆ, ಸಾಮಾನ್ಯವಾಗಿ ಹೊರಗುಳಿಯುತ್ತದೆ. “ದಾರಿಯಲ್ಲಿ ಏನಾದರೂ ಆದರೆ?” ಎಂಬ ಒಂದು ಪ್ರಶ್ನೆಯನ್ನು ಪಾಲಿಸಿ ಕೊಳ್ಳುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. “ರಾತ್ರಿ ಗಾಡಿಯಲ್ಲೇ ಬಿಟ್ಟರೆ?” ಎಂಬುದನ್ನೂ ಕೇಳಿ.

ಜೆಸಿಬಿ ಇರುವವರಿಗೆ ಒಂದು ಮಾತು: ಚಕ್ರದ ಮೇಲೆ ರಸ್ತೆಗಿಳಿಯುವ ಯಂತ್ರಕ್ಕೆ ನೋಂದಣಿಯೂ ಥರ್ಡ್ ಪಾರ್ಟಿ ಮೋಟಾರು ವಿಮೆಯೂ ಬೇಕು. ಸಿಪಿಎಂ ಅದಕ್ಕೆ ಬದಲಿಯಲ್ಲ.

ತಪ್ಪು ಕಲ್ಪನೆ 4: ವಿಮೆ ಇದ್ದರೆ ಮಷೀನ್ ಕೆಟ್ಟರೂ ಹಣ ಬರುತ್ತದೆ

ವಾಸ್ತವ: ವಿಮೆ ಆಕಸ್ಮಿಕಕ್ಕೆ, ಸವೆತಕ್ಕಲ್ಲ. ಮೋಟಾರ್ ತಾನಾಗಿ ಸುಟ್ಟುಹೋದರೆ, ಗೇರ್ ಸವೆದರೆ ಸಿಪಿಎಂನಲ್ಲಿ ಪರಿಹಾರವಿಲ್ಲ. ಡ್ರಿಲ್ ಬಿಟ್, ಬ್ಲೇಡ್, ಬೆಲ್ಟ್, ಟೈರ್, ಬ್ಯಾಟರಿಯಂಥ ಆಗಾಗ ಬದಲಿಸುವ ಭಾಗಗಳೂ ಹೊರಗೆ. ಲೆಕ್ಕ ಹಾಕುವಾಗ “ಎರಡು ಮಷೀನ್ ಕಡಿಮೆ ಇವೆ” ಎಂದಷ್ಟೇ ಗೊತ್ತಾದ ಕಳವಿಗೂ ಪರಿಹಾರ ಸಿಗುವುದಿಲ್ಲ. ಯಾವಾಗ, ಎಲ್ಲಿ, ಹೇಗೆ ಹೋಯಿತೆಂಬುದು ತಿಳಿದಿರಬೇಕು.

ತಪ್ಪು ಕಲ್ಪನೆ 5: ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ಪ್ರೀಮಿಯಂ ಉಳಿತಾಯ

ವಾಸ್ತವ: ಉಳಿಯುವುದು ಸ್ವಲ್ಪ, ಹೋಗುವುದು ಹೆಚ್ಚು. ಸಿಪಿಎಂನಲ್ಲಿ ಅದೇ ಥರದ ಹೊಸ ಯಂತ್ರದ ಇಂದಿನ ಬೆಲೆಗೆ ವಿಮೆ ಮಾಡಿಸಬೇಕು. ಉದಾಹರಣೆಗೆ, ಹೊಸ ಬೆಲೆ 4 ಲಕ್ಷ ರೂಪಾಯಿ ಇರುವ ಯಂತ್ರಕ್ಕೆ 2 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದೀರಿ ಎಂದುಕೊಳ್ಳಿ. ಅಪಘಾತದಲ್ಲಿ 1 ಲಕ್ಷದ ರಿಪೇರಿ ಬಂತು. ವಿಮೆ ಇದ್ದದ್ದು ಅರ್ಧಕ್ಕೆ, ಹಾಗಾಗಿ ಸಿಗುವುದೂ ಅರ್ಧ: 50 ಸಾವಿರ. ಅದರಲ್ಲೂ ‘ಎಕ್ಸೆಸ್’ ಎಂಬ ನಿಮ್ಮ ಪಾಲನ್ನು ಕಳೆಯುತ್ತಾರೆ. ಯಂತ್ರ ಪೂರ್ತಿ ಹಾಳಾದರೆ ಅದರ ವಯಸ್ಸಿಗೆ ತಕ್ಕ ಸವಕಳಿಯನ್ನೂ ಕಳೆಯುತ್ತಾರೆ.

ತಪ್ಪು ಕಲ್ಪನೆ 6: ಏಜೆಂಟರಿಗೆ ಹೇಳಿದ್ದೇನೆ, ದುಡ್ಡು ಆಮೇಲೆ ಕೊಟ್ಟರಾಯಿತು

ವಾಸ್ತವ: 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಸಂದಾಯವಾಗದೆ ಕಂಪನಿ ಹೊಣೆ ಹೊರುವಂತಿಲ್ಲ. ವಾಟ್ಸಾಪ್‌ನಲ್ಲಿ ಬಂದ ದರಪಟ್ಟಿ ಪಾಲಿಸಿಯಲ್ಲ.

ಕಳುವಾದರೆ ತಕ್ಷಣ ಏನು ಮಾಡಬೇಕು?

ಮೊದಲು ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ದೂರು ಕೊಟ್ಟವರಿಗೆ ಅದರ ಪ್ರತಿ ಉಚಿತ. ಮೊಬೈಲ್‌ನಲ್ಲೇ ಸಿಗುವ ಕರ್ನಾಟಕ ಪೊಲೀಸರ ‘ಇ-ಲಾಸ್ಟ್’ ಸ್ವೀಕೃತಿ ಸಾಲದು. ಅದು ಕಳೆದುಹೋದ ವಸ್ತುಗಳಿಗೆ, ಕಳ್ಳತನಕ್ಕಲ್ಲ. ಅದೇ ದಿನ ವಿಮಾ ಕಂಪನಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮಷೀನ್ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ ರಿಪೋರ್ಟ್’ ಅನ್ನು ಕಂಪನಿ ಕೇಳಬಹುದು.

ಕಂಪನಿಗೆ ತಿಳಿಸುವುದು ತಡವಾದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಡಿ. ವಾಹನ ಕಳವಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ, ಎಫ್‌ಐಆರ್ ತಕ್ಷಣ ದಾಖಲಾಗಿದ್ದು ಕ್ಲೇಮು ನಿಜವಾಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಅದನ್ನು ತಿರಸ್ಕರಿಸುವಂತಿಲ್ಲ ಎಂದಿದೆ. ಹಾಗೆಂದು ತಡಮಾಡುವುದು ಜಾಣತನವಲ್ಲ.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಹಾಯವಾಣಿಗೂ ‘ಬಿಮಾ ಭರೋಸಾ’ ಜಾಲತಾಣಕ್ಕೂ ದೂರು ನೀಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ. ಒಬ್ಬರೇ ನಡೆಸುವ ಉದ್ಯಮಕ್ಕೂ ಅತಿಸಣ್ಣ ಉದ್ಯಮಕ್ಕೂ ಅಲ್ಲಿ ಅವಕಾಶವಿದೆ.

ಇವತ್ತೇ ಮೊಬೈಲ್‌ನಲ್ಲಿ ಮಾಡಬಹುದಾದ ಕೆಲಸ

ಪಾಲಿಸಿ ಇರಲಿ ಬಿಡಲಿ, ಇದನ್ನು ಮಾಡಿಡಿ.

• ಪ್ರತಿ ಮಷೀನ್‌ನ ಫೋಟೊ, ಅದರ ಮೇಲಿನ ಸೀರಿಯಲ್ ನಂಬರಿನ ಫೋಟೊ ತೆಗೆಯಿರಿ.
• ಬಿಲ್ಲಿನ ಫೋಟೊ ತೆಗೆದು ನಿಮ್ಮ ಇಮೇಲ್‌ಗೇ ಕಳಿಸಿಕೊಳ್ಳಿ. ಬಿಲ್ಲಿನ ಶಾಯಿ ಅಳಿಸಿದರೂ ಫೋಟೊ ಉಳಿಯುತ್ತದೆ.
• ಯಾವ ಮಷೀನ್ ಯಾವ ಸೈಟಿಗೆ ಹೋಯಿತು, ಯಾರ ಕೈಯಲ್ಲಿದೆ ಎಂದು ದಿನಾ ಒಂದು ಸಾಲು ಬರೆದಿಡಿ.
• ಬಾಡಿಗೆಗೆ ತಂದ ಯಂತ್ರವಾದರೆ, ಹಾನಿಯಾದರೆ ಯಾರ ಹೊಣೆ, ವಿಮೆ ಯಾರ ಹೆಸರಿನಲ್ಲಿದೆ ಎಂದು ಬಾಡಿಗೆ ಚೀಟಿಯಲ್ಲೇ ಬರೆಸಿ.

ಕೊನೆಯ ಮಾತು

“ಗಾಡಿಗೆ ಇನ್ಶೂರೆನ್ಸ್ ಇದ್ದರೆ ಸಾಮಾನಿಗೂ ಇದೆ” ಎಂಬುದು ತಪ್ಪು. ಗಾಡಿಯ ವಿಮೆ ಗಾಡಿಗೆ, ಗೋಡೌನಿನ ವಿಮೆ ಗೋಡೌನಿಗೆ, ಕಟ್ಟಡದ ವಿಮೆ ಕಟ್ಟಡಕ್ಕೆ. ಇವುಗಳ ನಡುವೆ ಓಡಾಡುವ ಮಷೀನ್‌ಗೆ ಅದರದ್ದೇ ವಿಮೆ ಬೇಕು. ಪಾಲಿಸಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ, ಸಹಿ ಹಾಕುವ ಮುನ್ನ ಓದಿ ಅಥವಾ ಓದಿಸಿ ಕೇಳಿ. ನಿಮ್ಮ ಪರಿಚಯದ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ಈ ಮಾಹಿತಿ ತಲುಪಿಸಿ.