ಚುಕ್ಕಾಣಿ ಹಿಡಿದ ಕೈ

ದುಬಾರೆಯಲ್ಲಿ ಕಾವೇರಿಯನ್ನು ದಾಟದೆ ಆನೆ ಶಿಬಿರಕ್ಕೆ ಹೋಗುವಂತಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯಿಂದ ಬಂಡೆಗೆ ಕಾಲಿಡುತ್ತಲೇ ದಾಟಿದವರುಂಟು. 2017ರ ನವೆಂಬರಿನಲ್ಲಿ ನಾವು ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಹೋದಾಗ ಹೊಳೆಯಲ್ಲಿ ಇನ್ನೂ ಸೆಳೆತವಿತ್ತು. ದೋಣಿ ಹೊರಟಿತೋ ಇಲ್ಲವೋ, ಪಕ್ಕದಲ್ಲಿ ಕುಳಿತ ಹುಡುಗಿ ನನ್ನ ತೋಳು ಹಿಡಿದುಕೊಂಡು, "ಮಿಸ್, ಇವರಿಗೆ ದಾರಿ ಗೊತ್ತಿಲ್ಲ. ಮೆಟ್ಟಿಲು ಅಲ್ಲಿದೆ, ದೋಣಿ ಎತ್ತಲೋ ಹೋಗ್ತಿದೆ" ಎಂದಳು.

ನೋಡಿದರೆ ಅವಳ ಮಾತು ಸುಳ್ಳಲ್ಲ. ದೋಣಿಯವನು ಅದರ ಮೂತಿಯನ್ನು ಎದುರಿನ ಮೆಟ್ಟಿಲಿಗೆ ಹಿಡಿಯದೆ, ಅದಕ್ಕಿಂತ ಹತ್ತು ಹನ್ನೆರಡು ಮಾರು ಮೇಲಕ್ಕೆ ಹಿಡಿದಿದ್ದ. ಆದರೆ ದಡ ಹತ್ತಿರವಾದಂತೆ ದೋಣಿ ತಾನೇ ಜಾರಿಕೊಂಡು ಬಂದು ಮೆಟ್ಟಿಲ ಬುಡಕ್ಕೇ ಸರಿಯಾಗಿ ಮುಟ್ಟಿತು. ಹುಡುಗಿಯ ಮಾತು ಅವನ ಕಿವಿಗೂ ಬಿದ್ದಿತ್ತು. ನಗುತ್ತ, "ನೀರು ಎಳೀತದಲ್ಲ ಪುಟ್ಟಿ, ಅದರ ಲೆಕ್ಕ ಮೊದಲೇ ಹಾಕಬೇಕು" ಎಂದ.

ಆ ದಿನಗಳಲ್ಲೇ ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತುತ್ತಿದ್ದರು. ಐವತ್ತೈದು ಅಡಿಯ, ಗೋವಾದಲ್ಲೇ ಕಟ್ಟಿದ ದೋಣಿ. ನಾಯಕಿ ವರ್ತಿಕಾ ಜೋಶಿ; ಜೊತೆಗೆ ಪ್ರತಿಭಾ ಜಮ್ವಾಲ್, ಪಿ. ಸ್ವಾತಿ, ಐಶ್ವರ್ಯಾ ಬೊಡ್ಡಪಾಟಿ, ಎಸ್. ವಿಜಯಾದೇವಿ, ಪಾಯಲ್ ಗುಪ್ತಾ. 2017ರ ಸೆಪ್ಟೆಂಬರ್ 10ರಂದು ಗೋವಾ ಬಿಟ್ಟವರು 2018ರ ಮೇ 21ರಂದು ಮರಳಿದರು. ಜೂನಿನಲ್ಲಿ ಶಾಲೆ ತೆರೆದಾಗ ನಾನು ಈ ಸುದ್ದಿಯನ್ನು ಉತ್ಸಾಹದಿಂದ ಸ್ಟಾಫ್ ರೂಮಿನಲ್ಲಿ ಹೇಳಿದೆ. ಸಹೋದ್ಯೋಗಿಯೊಬ್ಬರು ಟೀ ಲೋಟ ಕೆಳಗಿಡದೆಯೇ, "ಈಗ ಎಲ್ಲ ಯಂತ್ರವೇ ನಡೆಸುತ್ತದೆ ಮೇಡಂ. ಬಟನ್ ಒತ್ತಿದರಾಯಿತು. ಇವರದೇನು ಹೆಚ್ಚುಗಾರಿಕೆ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಮಾತು ನಮಗೆ ಹೊಸದೂ ಅಲ್ಲ. ಮಿಕ್ಸಿ ಇದೆ, ವಾಷಿಂಗ್ ಮೆಷಿನ್ ಇದೆ, ನಿಮಗೇನು ಕೆಲಸ ಎಂದು ಕೇಳಿಸಿಕೊಳ್ಳದ ಹೆಂಗಸು ಯಾವ ಊರಿನಲ್ಲಿದ್ದಾಳೆ? ಅಂದು ಸಂಜೆಯಿಂದಲೇ ದೋಣಿ ನಡೆಸುವ ಆ ಯಂತ್ರದ ಚರಿತ್ರೆಯನ್ನು ಹುಡುಕತೊಡಗಿದೆ.

ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಎಂದು ವರ್ಷ ವರ್ಷ ಪಾಠ ಹೇಳಿದವಳು ನಾನು. ಅವನ ಹಡಗಿನ ಚುಕ್ಕಾಣಿಯನ್ನು ಹಗಲಿರುಳು ಹಿಡಿದು ನಿಂತವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಚುಕ್ಕಾಣಿ ಬಿಟ್ಟರೆ ಹಡಗು ದಾರಿ ಬಿಡುತ್ತದೆ. ಹಲವರಿದ್ದರೆ ಸರದಿಯ ಮೇಲೆ ಹಿಡಿಯಬಹುದು, ಒಬ್ಬರೇ ಇದ್ದರೆ ನಿದ್ದೆ ಯಾವಾಗ? ಒಂಟಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್, 1895ರಿಂದ 1898ರವರೆಗೆ. ಅವನಲ್ಲಿ ಯಂತ್ರವಿರಲಿಲ್ಲ. ಹಾಯಿಗಳನ್ನು ಹದವಾಗಿ ಕಟ್ಟಿ, ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದುಬಿಡುತ್ತಿದ್ದ. 'ಸ್ಪ್ರೇ' ಎಂಬ ಅವನ ದೋಣಿ ಕೀಲಿಂಗ್ ದ್ವೀಪದವರೆಗೆ 2,700 ಮೈಲಿಯನ್ನು 23 ದಿನಗಳಲ್ಲಿ ಸಾಗಿತು. ಅಷ್ಟೂ ದಿನಗಳಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಮೂರು ಗಂಟೆ ಮಾತ್ರವಂತೆ. ತೂಕ ಸರಿಯಿದ್ದ ದೋಣಿ ತನ್ನ ದಾರಿಯನ್ನು ತಾನೇ ಕಾಯುತ್ತದೆ.

ಯಂತ್ರದ ಕಥೆ ಇನ್ನೂ ಸ್ವಾರಸ್ಯದ್ದು. ರಷ್ಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ನಿಕೊಲಾಸ್ ಮಿನೋರ್ಸ್ಕಿ ಎಂಬ ಎಂಜಿನಿಯರ್ ನುರಿತ ಚುಕ್ಕಾಣಿಗ ಏನು ಮಾಡುತ್ತಾನೆಂಬುದನ್ನು ಗಮನಿಸಿ, 1922ರಲ್ಲಿ ಅದನ್ನು ಗಣಿತವಾಗಿ ಬರೆದ. ಚುಕ್ಕಾಣಿಗನ ಲೆಕ್ಕ ಮೂರು. ಹಡಗು ದಾರಿಯಿಂದ ಎಷ್ಟು ತಪ್ಪಿದೆ ಎಂಬುದು ಒಂದು. ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಎರಡು. ಬೇಗ ತಿರುಗುತ್ತಿದ್ದರೆ ಅವನು ಮೊದಲೇ ಎದುರು ಬದಿಗೆ ತಿರುಗಿಸಿ ತಡೆಯುತ್ತಾನೆ. ಗಾಳಿಯೋ ನೀರೋ ಬಿಡದೆ ಒಂದೇ ಕಡೆಗೆ ಎಳೆಯುತ್ತಿದೆಯೇ ಎಂಬುದು ಮೂರು. ಹಾಗೆ ಎಳೆಯುತ್ತಿದ್ದರೆ ಚುಕ್ಕಾಣಿಯನ್ನು ಸ್ವಲ್ಪ ಓರೆಯಾಗಿಯೇ ಹಿಡಿದಿರುತ್ತಾನೆ. ಇದನ್ನು ಓದುವಾಗ ನನಗೆ ದುಬಾರೆಯ ದೋಣಿ ನೆನಪಾಗಿ ಮೈ ಜುಮ್ಮೆಂದಿತು. ಆ ಮೂರನೆಯ ಲೆಕ್ಕವನ್ನೇ ಅಲ್ಲವೇ ಅವನು ನಮ್ಮ ಹುಡುಗಿಗೆ ಒಂದು ಮಾತಿನಲ್ಲಿ ಹೇಳಿದ್ದು! ಇಂದು ಕಾರ್ಖಾನೆಗಳಲ್ಲಿ ಬಿಸಿ, ಒತ್ತಡ, ವೇಗಗಳನ್ನು ಹತೋಟಿಯಲ್ಲಿಡುವ ಅಸಂಖ್ಯ ಸಾಧನಗಳು ನಡೆಯುವುದು ಇದೇ ಮೂರು ಲೆಕ್ಕದ ಮೇಲೆ. ಯಂತ್ರ ತಾನಾಗಿ ಏನನ್ನೂ ಕಂಡುಹಿಡಿಯಲಿಲ್ಲ, ಒಂದು ಕೈಯನ್ನು ನೋಡಿ ಕಲಿಯಿತು.

ಸಣ್ಣ ಹಾಯಿದೋಣಿಗಳಿಗೆ ವಿದ್ಯುತ್ತಿಲ್ಲದ ಇನ್ನೊಂದು ಉಪಾಯ ಬಂತು. ಗಾಳಿಗೆ ತಿರುಗುವ ಹಲಗೆಯೊಂದನ್ನು ಹಿಂಬದಿಯಲ್ಲಿ ನಿಲ್ಲಿಸಿ ಚುಕ್ಕಾಣಿಗೆ ಜೋಡಿಸುವುದು. 1960ರಲ್ಲಿ ಅಟ್ಲಾಂಟಿಕ್ ದಾಟುವ ಒಂಟಿ ಸ್ಪರ್ಧೆಯಲ್ಲಿ ಹ್ಯಾಸ್ಲರ್, ಚಿಚೆಸ್ಟರ್ ಇಬ್ಬರೂ ಇದನ್ನು ಬಳಸಿದರು. ಚಿಚೆಸ್ಟರ್ ತನ್ನ ಗಾಳಿಹಲಗೆಗೆ 'ಮಿರಾಂಡಾ' ಎಂದು ಹೆಣ್ಣಿನ ಹೆಸರಿಟ್ಟಿದ್ದ! 1966ರಲ್ಲಿ ಅವನು ಬೇರೆ ದೋಣಿಯಲ್ಲಿ ಭೂಮಿ ಸುತ್ತಲು ಹೊರಟಾಗ, ಸಿಡ್ನಿ ಇನ್ನೂ ಎರಡು ಸಾವಿರ ಮೈಲಿಗೂ ದೂರವಿರುವಾಗ, ಗಾಳಿಹಲಗೆ ಮುರಿಯಿತು. ಅವನು ಚಿಕ್ಕದೊಂದು ಹಾಯಿಯ ಹಗ್ಗವನ್ನೇ ಚುಕ್ಕಾಣಿಗೆ ಕಟ್ಟಿ ಡಿಸೆಂಬರಿನಲ್ಲಿ ಸಿಡ್ನಿ ಸೇರಿದ.

ಈಗಿನ ವಿದ್ಯುತ್ ಚುಕ್ಕಾಣಿಗನಲ್ಲಿ ಇರುವುದು ಮುಖ್ಯವಾಗಿ ಮೂರು: ದಿಕ್ಕು ನೋಡುವ ದಿಕ್ಸೂಚಿ, ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್, ಚುಕ್ಕಾಣಿ ತಿರುಗಿಸುವ ಮೋಟಾರು. ಅದು ಕೆಡುವ ಬಗೆಗಳು ನಮ್ಮ ಮನೆಯ ರಗಳೆಗಳ ಹಾಗೆಯೇ. ದಿಕ್ಸೂಚಿಯ ಬಳಿ ಯಾರೋ ಕಬ್ಬಿಣದ ಡಬ್ಬಿಯನ್ನೋ ಸ್ಪೀಕರನ್ನೋ ಇಟ್ಟರೆ ದಿಕ್ಕು ತಪ್ಪುತ್ತದೆ. ಬ್ಯಾಟರಿ ಇಳಿದರೆ ಮೋಟಾರು ಸೋಲುತ್ತದೆ. ಲೆಕ್ಕದ ಹದ ಅತಿ ಚುರುಕಾದರೆ ದೋಣಿ ಹಾವಿನಂತೆ ಹೊರಳುತ್ತ ಹೋಗುತ್ತದೆ, ಮಂದವಾದರೆ ಬಹಳ ದೂರ ತಪ್ಪಿದ ಮೇಲೆ ಎಚ್ಚರಗೊಳ್ಳುತ್ತದೆ. ಬಲ್ಲವರು ಮೊದಲು ಮಾಡುವ ಪರೀಕ್ಷೆ ಒಂದೇ. ಯಂತ್ರವನ್ನು ಬಿಡಿಸಿ ಚುಕ್ಕಾಣಿಯನ್ನು ಕೈಯಲ್ಲಿ ಹಿಡಿಯುವುದು. ಕೈಗೆ ಭಾರವೆನಿಸಿದರೆ ತಪ್ಪು ಹಾಯಿಯದೋ ಚುಕ್ಕಾಣಿಯದೋ. ಬೀಸುವ ಗಾಳಿಗೆ ಹಾಯಿ ಹೆಚ್ಚಾಗಿದ್ದರೆ ಪಾಪ, ಯಂತ್ರ ಇಡೀ ದಿನ ದೋಣಿಯೊಂದಿಗೆ ಜಗಳವಾಡುತ್ತಲೇ ಇರುತ್ತದೆ. ಕೈಗೆ ಹಗುರವಾಗಿದ್ದರೆ ಆಗ ಯಂತ್ರವನ್ನು ಬಿಚ್ಚಿ ನೋಡಬೇಕು. ಕೈಯಲ್ಲಿ ಹಿಡಿದು ಗೊತ್ತಿಲ್ಲದವರಿಗೆ ಯಂತ್ರ ಕೆಟ್ಟಿದೆ ಎಂಬುದೂ ಗೊತ್ತಾಗುವುದಿಲ್ಲ.

ಇನ್ನು ನನ್ನ ಸಹೋದ್ಯೋಗಿಗೆ ಕೊಡಬೇಕಾಗಿದ್ದ ಉತ್ತರ. ತಾರಿಣಿ ಪೆಸಿಫಿಕ್ ಸಾಗರದಲ್ಲಿ ಏಳು ಮೀಟರ್ ಎತ್ತರದ ಅಲೆಗಳನ್ನು ಎದುರಿಸಿ, 2018ರ ಜನವರಿಯಲ್ಲಿ ಕೇಪ್ ಹಾರ್ನ್ ದಾಟಿತು. ಕೇಪ್‌ಟೌನ್ ಬಿಟ್ಟು, ಮನೆಯ ಕಡೆಗೆ ಮುಖ ಮಾಡಿದ ಕೊನೆಯ ಹಂತದಲ್ಲಿ ಕೆಟ್ಟದ್ದು ಚುಕ್ಕಾಣಿಯ ಸಲಕರಣೆಯೇ! ಯೋಜನೆಯಲ್ಲಿಲ್ಲದ ಮಾರಿಷಸ್‌ಗೆ ದೋಣಿಯನ್ನು ಒಯ್ದು, ರಿಪೇರಿ ಮಾಡಿಸಿಕೊಂಡು, 21,600 ನಾಟಿಕಲ್ ಮೈಲಿ ಮುಗಿಸಿ ಅವರು ಮನೆ ಸೇರಿದರು. ಬಟನ್ ಒತ್ತಿದರಾಯಿತು ಎನ್ನುವವರು ಬಟನ್ ಕೆಟ್ಟ ದಿನದ ಮಾತು ಎತ್ತುವುದಿಲ್ಲ.

ಆಮೇಲೆ 2022ರಲ್ಲಿ ಅಭಿಲಾಷ್ ಟೋಮಿ ವಿದ್ಯುತ್ ಚುಕ್ಕಾಣಿಗನಿಗೆ ಅವಕಾಶವೇ ಇಲ್ಲದ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೊರಟರು. ಅವರ ಗಾಳಿಹಲಗೆಯ ವ್ಯವಸ್ಥೆ ಮುರಿದಾಗ ದೋಣಿಯ ಶೌಚಾಲಯದ ಬಾಗಿಲನ್ನೇ ಕುಯ್ದು ರಿಪೇರಿಗೆ ಬಳಸಿ, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಸೇರಿದರು. ಮೊದಲು ಬಂದವಳು ದಕ್ಷಿಣ ಆಫ್ರಿಕದ ಕರ್ಸ್ಟೆನ್ ನಾಯ್‌ಶೇಫರ್ ಎಂಬ ಹೆಣ್ಣುಮಗಳು. ಅದೇ ತಾರಿಣಿಯಲ್ಲಿ 2024ರ ಅಕ್ಟೋಬರ್ 2ರಂದು ಹೊರಟ ನಮ್ಮ ದಿಲ್ನಾ ಮತ್ತು ರೂಪಾ, ಇಬ್ಬರೇ ಇಬ್ಬರು, 2025ರ ಮೇ 29ರಂದು ಭೂಮಿ ಸುತ್ತಿ ಬಂದರು.

ದುಬಾರೆಯಲ್ಲಿ ಅಂದು ದೋಣಿ ಇಳಿದ ಮೇಲೆ ಆನೆಗಳ ಸ್ನಾನ ನೋಡಿದೆವು. ಮಾವುತ ಬಾಯಿಬಿಟ್ಟು ಹೇಳಿದ್ದು ಕಡಿಮೆ. ಆನೆಯ ಕಿವಿಯ ಹಿಂದೆ ಕಾಲ್ಬೆರಳು ಒತ್ತಿದರೆ ಅಷ್ಟು ದೊಡ್ಡ ಪ್ರಾಣಿ ತಿರುಗುತ್ತಿತ್ತು. ದೂರದಿಂದ ನೋಡುವವರಿಗೆ ಆನೆ ತಾನಾಗಿಯೇ ನಡೆಯುತ್ತಿದೆ ಎಂದೇ ಕಾಣಬೇಕು. ಮನೆಗಳೂ ಹೀಗೆಯೇ ತಾವಾಗಿ ನಡೆಯುತ್ತಿರುತ್ತವೆ. ಮನೆಯಾಕೆ ಎರಡು ದಿನ ಜ್ವರದಲ್ಲಿ ಮಲಗುವವರೆಗೆ.

ಹೊಳೆ ದಾಟಿ ಮರಳುವಾಗ ಆ ಹುಡುಗಿ ನನ್ನ ಪಕ್ಕ ಕುಳಿತುಕೊಳ್ಳಲಿಲ್ಲ. ದೋಣಿಯ ಹಿಂಬದಿಗೆ ಹೋಗಿ, ದೋಣಿಯವನ ಕೈಯನ್ನೇ ನೋಡುತ್ತ ಕುಳಿತಿದ್ದಳು.