ಎರೆಯ ಬಿರುಕಿನ ಗೂಡು: ಇಲಿಮರಿ ತನ್ನವರನ್ನು ಅರಿಯುವ ಬಗೆ

ರೋಣ ತಾಲ್ಲೂಕಿನ ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಊರು. ಬೇಸಿಗೆಯಲ್ಲಿ ಇಲ್ಲಿನ ಎರೆ ಹೊಲ ಬಾಯಿಬಿಡುತ್ತದೆ; ಅಂಥ ಬಿರುಕುಗಳೇ ಹೊಲದ ಇಲಿಗಳಿಗೆ ಮನೆ. ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ಈ ನಾಡಿನ ಸಸ್ತನಿಗಳ ಪಟ್ಟಿಯನ್ನು ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1839ರಲ್ಲಿ ಪ್ರಕಟಿಸಿದ. ಇಂದು ಮಿಲಾರ್ಡಿಯಾ ಮೆಲ್ಟಾಡ ಎನ್ನುವ ಮೆತ್ತನೆ ಕೂದಲಿನ ಇಲಿ ಜೋಡಿಯಾಗಿ ಇಲ್ಲವೇ ಐದಾರರ ಗುಂಪಾಗಿ ಬಾಳುತ್ತದೆ, ಮಳೆ ಹಿಡಿದು ಬಿರುಕು ಮುಚ್ಚಿಕೊಂಡಾಗ ಗುಂಪುಗುಂಪಾಗಿ ಸಾಯುತ್ತದೆ ಎಂದು ಅವನು ಬರೆದಿದ್ದಾನೆ. 1826ರಲ್ಲಿ ಮೊದಲ ಮಳೆ ಕೊರತೆಯಾದಾಗ ಅವು ಹೆಚ್ಚಿ, ಬಿತ್ತಿದ ಬೀಜ ತಿಂದು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು.

ಆ ಐದಾರು ಇಲಿಗಳು ಒಂದನ್ನೊಂದು ತಮ್ಮವೆಂದು ಅರಿಯುವುದು ಹೇಗೆ? ರಕ್ತದಿಂದಲೋ, ಗೂಡಿನಿಂದಲೋ?

ಉತ್ತರದ ಸುಳಿವು ಮನೆ ಇಲಿಯಲ್ಲಿದೆ. ಅದರ ಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ಅದರ ಲೋಕವೆಂದರೆ ತಾಯಿಯ ಬಿಸುಪು, ಹಾಲು, ಒಡಹುಟ್ಟಿದವರ ವಾಸನೆ. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್-2 ಎಂಬ ವಂಶವಾಹಿಗಳಿಗೆ ತಕ್ಕಂತೆ ಇಲಿಯ ಮೂತ್ರದ ವಾಸನೆ ಬದಲಾಗುತ್ತದೆ. ಬೆಳೆದ ಇಲಿ ಸಾಮಾನ್ಯವಾಗಿ ತನ್ನದಲ್ಲದ ವಾಸನೆಯ ಸಂಗಾತಿಯನ್ನು ಆರಿಸುತ್ತದೆ. 1988ರಲ್ಲಿ ಯಮಜಾಕಿ ಮತ್ತು ಸಂಗಡಿಗರು ಗಂಡುಮರಿಗಳನ್ನು ಬೇರೆ ಎಚ್-2 ಬಗೆಯ ಸಾಕುತಾಯಿಯರ ಬಳಿ ಬೆಳೆಸಿದಾಗ ಈ ಆಯ್ಕೆ ತಿರುಗಿಬಿತ್ತು. 1998ರಲ್ಲಿ ಪೆನ್ ಮತ್ತು ಪಾಟ್ಸ್ ಹೆಣ್ಣುಗಳಲ್ಲೂ ಇದನ್ನೇ ಕಂಡರು. ಇಲಿ ದೂರವಿಟ್ಟದ್ದು ರಕ್ತದ ವಾಸನೆಯನ್ನಲ್ಲ, ಬೆಳೆದ ಗೂಡಿನ ವಾಸನೆಯನ್ನು.

ಮರಿಯನ್ನು ತಿದ್ದುವುದು ಗೂಡಿನ ಒಡನಾಟ ಎಂಬುದಕ್ಕೆ ನಮ್ಮ ನೆಲದ ಇಲಿಯೂ ಸಾಕ್ಷಿ ಹೇಳುತ್ತದೆ. ಇದೇ ಸೀಮೆಯಿಂದ 1837ರಲ್ಲಿ ಪ್ರಾಣಿಶಾಸ್ತ್ರಜ್ಞ ಗ್ರೇ ವರ್ಣಿಸಿದ ಪುಟ್ಟ ಹೊಲದಿಲಿ ಮಸ್ ಬೂಡುಗ. 1985ರಲ್ಲಿ ಮದುರೆಯಲ್ಲಿ ವಿಶ್ವನಾಥನ್ ಮತ್ತು ಚಂದ್ರಶೇಖರನ್ ಅದರ ತಾಯಿಯನ್ನು 12 ಗಂಟೆ ಮರಿಗಳ ಜೊತೆ ಬಿಟ್ಟು, 12 ಗಂಟೆ ದೂರವಿಟ್ಟರು. ಹಗಲಿರುಳಿನ ಸರದಿಯೇ ಇಲ್ಲದಲ್ಲಿ ಮರಿಗಳ ದೇಹಗಡಿಯಾರ ತಾಯಿ ಬಂದುಹೋಗುವ ಲಯಕ್ಕೆ ಕೂಡಿಕೊಂಡಿತು. ಒಡನಾಟ ಮರಿಯನ್ನು ರೂಪಿಸುವ ಸೂಕ್ಷ್ಮ ಅವಧಿ ಹಾಲು ಬಿಟ್ಟ ಮೇಲೂ ಮುಗಿಯುವುದಿಲ್ಲ: ಹಾಲು ಬಿಡಿಸಿದೊಡನೆ ಎರಡು ವಾರ ಒಂಟಿಯಾಗಿಟ್ಟ ಮನೆ ಇಲಿಗಳ ಒಡನಾಟ, ಮತ್ತೆ ಜೊತೆಗೆ ಸೇರಿಸಿದರೂ ಸರಿಹೋಗಲಿಲ್ಲ ಎಂದು ಮಕಿನೊಡಾನ್ ತಂಡ 2012ರಲ್ಲಿ ತೋರಿಸಿತು.

ಮರಿಗಳನ್ನು ಸಾಕುತಾಯಿಗೆ ಒಪ್ಪಿಸಿ, ಅವುಗಳ ಒಲವನ್ನು ಅಳೆಯುವ ಇಂಥ ಪ್ರಯೋಗದಲ್ಲಿ ಎರಡು ಎಚ್ಚರ ಬೇಕು. ಸಾಕುತಾಯಿ ಬದಲಾದದ್ದರ ಪರಿಣಾಮವನ್ನು ಬೇರ್ಪಡಿಸಲು ಕೆಲವು ಮರಿಗಳನ್ನು ಸ್ವಂತ ತಳಿಯ ಇನ್ನೊಂದು ತಾಯಿಗೂ ಒಪ್ಪಿಸಬೇಕು. ಒಂದು ಬದಿಗೆ ಪರಿಚಿತ ಇಲಿ, ಇನ್ನೊಂದು ಬದಿಗೆ ಅಪರಿಚಿತ ಇಲಿ ಇಟ್ಟು ಒಲವು ನೋಡುವ ಮೂರು ಕೋಣೆಯ ಪೆಟ್ಟಿಗೆಯಲ್ಲಿ ಪರಿಚಿತ ಇಲಿಯನ್ನು ಒಂದೇ ಬದಿಗೆ ಇಡದೆ ಬದಿ ಬದಲಿಸುತ್ತ ಹೋಗಬೇಕು; ಇಲ್ಲದಿದ್ದರೆ ಬದಿಯ ಒಲವನ್ನೇ ಗೆಳೆತನವೆಂದು ಎಣಿಸಿಬಿಡುತ್ತೇವೆ.

ಇನ್ನು ನನ್ನ ಊಹೆ. ಬಿರುಕಿನ ಗೂಡಿನಲ್ಲಿ ಜೊತೆಗೆ ಬೆಳೆದವರು ಬಹುಪಾಲು ಒಡಹುಟ್ಟಿದವರೇ. ಆದ್ದರಿಂದ ‘ಕೂಡಿ ಬೆಳೆದವರೇ ನಮ್ಮವರು’ ಎಂಬ ಸರಳ ನಿಯಮ ಸಾಕಾಗುತ್ತದೆ. ಮಳೆಗೆ ಮಣ್ಣು ಉಬ್ಬಿ ಗೂಡು ಮುಚ್ಚಿದಾಗ ಉಳಿದ ಮರಿಗಳು ಯಾವ ಗೂಡು ಸೇರುತ್ತವೋ ಆ ಗೂಡೇ ಅವುಗಳ ಬಳಗವನ್ನು ಗೊತ್ತುಮಾಡೀತು. ಹಾಗಾಗಿ ಎರೆ ಹೊಲದಲ್ಲಿ ಇಲಿಗಳ ತಲೆ ಎಣಿಸಿದರೆ ಸಾಲದು. ಯಾವ ಮರಿ ಯಾರ ಮಗ್ಗುಲಲ್ಲಿತ್ತು ಎಂಬುದನ್ನೂ, ಗೂಡು ಕೆದಕುವ ಮೊದಲೇ, ಬರೆದಿಟ್ಟುಕೊಳ್ಳಬೇಕು.