ಪದ ಪರಿಚಯ: ಅಬರ್‌ಡೌರ್

ಸ್ಕಾಟ್ಲೆಂಡಿನ ಫೈಫ್ ಕರಾವಳಿಯ ಹಳ್ಳಿಯೊಂದರ ಹೆಸರು. ‘ಅಬರ್’ ಎಂದರೆ ಅಳಿವೆ. ಗೇಲಿಕ್ ಭಾಷೆ ಅಲ್ಲಿ ನೆಲೆಯೂರುವ ಮೊದಲೇ ಬಳಕೆಯಲ್ಲಿದ್ದ ಪಿಕ್ಟಿಶ್ ನುಡಿಯ ಪದವಿದು. ಅಬರ್ಡೀನ್, ವೇಲ್ಸ್‌ನ ಅಬರಿಸ್ಟ್‌ವಿತ್ ಇದರ ಬಳಗದವು. ಗೇಲಿಕ್ ಮೂಲದ ಊರಹೆಸರುಗಳಲ್ಲಿ ಇದೇ ಅರ್ಥಕ್ಕೆ ‘ಇನ್ವರ್’ ಬರುತ್ತದೆ, ಇನ್ವರ್ನೆಸ್ ಅಂಥದ್ದು. ‘ಡೌರ್’ ಊರಿನ ಬಳಿ ಹರಿದು ಸಮುದ್ರ ಸೇರುವ ಹಳ್ಳ, ಮೂಲಾರ್ಥ ‘ನೀರು’. ಒಟ್ಟಿನಲ್ಲಿ, ಡೌರ್ ಹಳ್ಳದ ಅಳಿವೆ.

12ನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಕೋಟೆ, ಪಕ್ಕದಲ್ಲೇ ಅದೇ ಕಾಲದ ಸಂತ ಫಿಲನ್ ಚರ್ಚು ಇಲ್ಲಿನ ಹೆಗ್ಗುರುತುಗಳು. 1890ರಲ್ಲಿ, ಫೈಫನ್ನು ಎಡಿನ್‌ಬರೋ ಕಡೆಗೆ ಜೋಡಿಸುವ ಫೋರ್ತ್ ರೈಲು ಸೇತುವೆ ತೆರೆಯಿತು. ಅದೇ ವರ್ಷ ಇಲ್ಲಿಗೂ ರೈಲು ಬಂತು. ಎಡಿನ್‌ಬರೋದಲ್ಲಿ ದುಡಿದು ಸಂಜೆ ರೈಲಿನಲ್ಲಿ ಮನೆಗೆ ಮರಳುವವರಿಗೆ ಇಂದಿಗೂ ಆ ಸೇತುವೆಯೇ ದಾರಿ.